ಹಿಡಿತ

ಟಿಲ್ಡಾ ಕೀ ಎಂಬ ದ್ವೀಪದ ಮಗ್ಗುಲಿಗೆ
ಎರಡು ಮಾರು ನೀರು.
ಎಷ್ಟು ತಿಳಿಯೆಂದರೆ ನಮ್ಮ ದೋಣಿಯ ನೆರಳು
ತಳದ ಬಿಳಿ ಮರಳಿನ ಮೇಲೆ
ನಮಗಿಂತ ಮೊದಲೇ ಬಂದು ಮಲಗಿತ್ತು.

"ಬಿಡು" ಅಂದಳು ಐವಾಮೇ.
ಬಿಟ್ಟೆ. ಸರಪಳಿ ಗಡಗಡ ಉರುಳಿ ಸುಮ್ಮನಾಯಿತು.
"ಇನ್ನೂ ಬಿಡು."
ಒಂದು ಮಾರು ನೀರಿಗೆ ಏಳು ಮಾರು ಸರಪಳಿ, ಅದು ಅವಳ ಲೆಕ್ಕ.
"ಭಾರ ಹಿಡಿಯುತ್ತದೆ ಅಂದುಕೊಂಡೆಯಾ?
ಮಲಗಿದ್ದು ಹಿಡಿಯುತ್ತದೆ.
ಎದ್ದು ನಿಂತ ಸರಪಳಿ ಕಿತ್ತು ಬರುತ್ತದೆ."

ಅರವತ್ತೆಂಟು ಅವಳಿಗೆ. ಅಬಾಕೊ ಕಡಲಿನಲ್ಲೇ ಹುಟ್ಟಿದವಳು.
ದಾರ ಕಟ್ಟಿದ ಕನ್ನಡಕ ಸದಾ ಕೊರಳಲ್ಲಿ,
ನೀರು ಓದುವಾಗ ಮಾತ್ರ ತೆಗೆದುಬಿಡುತ್ತಾಳೆ.
ನಾನು ನಸ್ಸಾವಿನವನು, ಅಡುಗೆಗೆಂದು ಸೇರಿದವನು.
ಈಜು ಬಾರದು.
ಅದನ್ನು ಹೇಳಿರಲಿಲ್ಲ.

ಸಂಜೆ ಐದು ದೋಣಿಗಳು,
ಚರ್ಚಿನ ಬೆಂಚಿನಲ್ಲಿ ಕೂತವರ ಹಾಗೆ
ಒಂದೇ ದಿಕ್ಕಿಗೆ ಮುಖ.
ಪಕ್ಕದಲ್ಲಿ ಕ್ವಿಬೆಕ್ಕಿನ ಗಿಸ್ಲೇನಳ ಹಳದಿ ದೋಣಿ,
ಅವಳ ಒಂಬತ್ತರ ಮಗ ಅಂಚಿನಲ್ಲಿ ಕಾಲು ಇಳಿಬಿಟ್ಟು
ನಮ್ಮ ತೊಗರಿಕಾಳಿನ ಅನ್ನದ ವಾಸನೆಗೆ
ಮೂಗು ಅರಳಿಸುತ್ತಿದ್ದ. ಒಂದು ಡಬ್ಬ ಕಳಿಸಿದೆ.
ಡಬ್ಬ ವಾಪಸು ಬಂತು, ಒಳಗೆ ಎರಡು ಬಿಸ್ಕತ್ತು.

ಮೊದಲು ಮೂಡಣ ಗಾಳಿ ನಿಂತಿತು,
ಮಾತಿನ ನಡುವೆ ಯಾರೋ ಹೆಸರು ಮರೆತ ಹಾಗೆ.
ಆಮೇಲೆ ಸೊಳ್ಳೆ. ಆಮೇಲೆ
ತೆಂಕಣದಿಂದ ಒಂದು ಬಿಸಿ ಉಸಿರು,
ಪಡುವಣಕ್ಕೆ ಸದ್ದಿಲ್ಲದ ಮಿಂಚು.
ರಾತ್ರಿ ಎರಡಕ್ಕೆ ಬಡಗಣ ಬಂತು,
ತಣ್ಣಗೆ, ಕೇಳದೆ, ಬಾಗಿಲು ಒದ್ದುಕೊಂಡು.

ಕತ್ತಲಲ್ಲಿ ದೋಣಿಗಳೆಲ್ಲ
ತಮ್ಮ ತಮ್ಮ ಲಂಗರಿನ ಸುತ್ತ ತಿರುಗಿದವು.
ಒಂದು ತಿರುಗಲಿಲ್ಲ.
ಅದು ಬರುತ್ತಿತ್ತು.

ಹಳದಿ ಬಣ್ಣ ಮಿಂಚಿಗೊಮ್ಮೆ ಹತ್ತಿರ, ಮಿಂಚಿಗೊಮ್ಮೆ ಹತ್ತಿರ.
ಒಳಗೆ ನಿದ್ದೆ.
ಐವಾಮೇ ತುದಿ ಕೊಯ್ದ ಶಂಖ ಎತ್ತಿಕೊಂಡು ಊದಿದಳು,
ಸೂರ್ಯ ಮುಳುಗುವಾಗ ಊದುವ ಹಾಗಲ್ಲ,
ಗಂಟಲು ಹರಿಯುವ ಹಾಗೆ.
ಮಳೆಕೋಟು, ಒಂದೇ ಕಾಲಿಗೆ ಬೂಟು, ಗಿಸ್ಲೇನ್ ಹೊರಬಂದಳು.
"ನಿನಗೆ ಈಜು ಬಾರದು ಅಂತ ಗೊತ್ತು," ನನಗೆ ಅಂದಳು ಐವಾಮೇ,
"ಸೊಂಟಕ್ಕೆ ಹಗ್ಗ ಬಿಗಿದುಕೋ. ಇನ್ನೊಂದನ್ನು ಅವರಿಗೆ ಎಸೆ."
ಎರಡು ಸಲ ಗಾಳಿ ನುಂಗಿತು.
ಮೂರನೆಯದನ್ನು ಹುಡುಗ ಹಿಡಿದ.

ಈಗ ಒಂದು ಲಂಗರಿಗೆ ಎರಡು ಸಂಸಾರ.

ಬೆಳಗಿನವರೆಗೆ ಅವಳು
ಸರಪಳಿಯ ಮೇಲೆ ಅಂಗೈಯಿಟ್ಟು ಕೂತಳು,
ಮಗುವಿನ ಜ್ವರ ನೋಡುವ ಹಾಗೆ.
ಲಂಗರು ಜಾರಿದರೆ ಸರಪಳಿ ಒಳಗೊಳಗೇ ಗುಡುಗುತ್ತದಂತೆ,
ಕಿವಿಗಿಂತ ಮೊದಲು ಕೈಗೆ ಕೇಳುತ್ತದಂತೆ.
ಗುಡುಗಲಿಲ್ಲ.
"ಇಷ್ಟು ಗಟ್ಟಿ ಮರಳು ಇಲ್ಲಿ ಇರಲಿಲ್ಲವಲ್ಲ"
ಒಮ್ಮೆ ಅಂದಳು, ತನಗೇ.

ಬೆಳಕಾಯಿತು. ಎತ್ತಿದೆವು. ಬರಲಿಲ್ಲ.
ಮೂವರು ಸೇರಿ ಎತ್ತಿದಾಗ ಬಂತು, ನೀರು ಸುರಿಸುತ್ತ,
ಲಂಗರಿನ ಕೊಕ್ಕೆಗೆ ಸಿಕ್ಕಿಕೊಂಡ
ಒಂದು ಕಬ್ಬಿಣದ ಮಂಚ.
ಕಾಲೊಂದು ಇಲ್ಲ. ಪಾಚಿ, ಚಿಪ್ಪು.
ಪಾಚಿಯ ಅಡಿಗೆ ಹಸಿರು ಬಣ್ಣ.

ಐವಾಮೇ ಕನ್ನಡಕ ಹಾಕಿಕೊಂಡಳು.

ಚಂಡಮಾರುತದ ಆ ವರ್ಷ
ಕಡಲು ಈ ದಂಡೆಯ ಮನೆಗಳ ಒಳಗೆ ಹೊಕ್ಕು
ತನಗೆ ಬೇಕಾದ್ದು ಆರಿಸಿಕೊಂಡು ಹೋಗಿತ್ತು.
"ಈ ಹಸಿರು ಇಲ್ಲಿ ಒಂದೇ ಅಂಗಡಿಯಲ್ಲಿ ಸಿಗುತ್ತಿತ್ತು,
ನಾವೆಲ್ಲ ಅದನ್ನೇ ಬಳಿಯುತ್ತಿದ್ದೆವು" ಅಂದಳು.
"ಯಾರ ಮಂಚ?" ಹುಡುಗ ಕೇಳಿದ.
ಅವಳು ಮಂಚದ ತಲೆಕಡೆಯ ಸರಳು ಎಣಿಸುತ್ತಿದ್ದಳು.
ಎಣಿಸಿ ಮುಗಿಸಿದ್ದು ಯಾವ ಲೆಕ್ಕಕ್ಕೆ, ಹೇಳಲಿಲ್ಲ.

ಕೊಕ್ಕೆ ಬಿಡಿಸಿ, ಎಸೆಯದೆ,
ಹಗ್ಗ ಕಟ್ಟಿ ಇಳಿಸಿದಳು, ನಿಧಾನ,
ಉಳಿದ ಮೂರು ಕಾಲೂ
ಒಟ್ಟಿಗೆ ತಳ ಮುಟ್ಟುವ ಹಾಗೆ.

ಆಮೇಲೆ ನಕ್ಷೆ ಬಿಡಿಸಿ
ಪೆನ್ಸಿಲಿನಲ್ಲಿ ಒಂದು ಚುಕ್ಕೆಯಿಟ್ಟು
ಪಕ್ಕದಲ್ಲಿ ಬರೆದಳು: ಹಿಡಿತ ಚೆನ್ನಾಗಿದೆ.

ನಾನು ಒಲೆ ಹಚ್ಚಲು ಕೆಳಗಿಳಿದೆ.
ಸೊಂಟದ ಹಗ್ಗ
ಇನ್ನೂ ಬಿಚ್ಚಿರಲಿಲ್ಲ.